ತೌಡಿಗೆ ಕೊಂಡ ಮಗು

ಮೂಡಿಗೆರೆ
4-10-1998

ದೊಡ್ಡಮ್ಮನಿಗೆ ಸೌಂದರ್ಯಳ ನಮಸ್ಕಾರಗಳು.

ಹೆಣ್ಣು ಮಗು ಹುಟ್ಟಿದ ಸುದ್ದಿಯನ್ನು ಇವರು ಎಸ್ಟೇಟ್ ಆಫೀಸಿನಿಂದ ಕಳಸದ ಅಂಗಡಿಗೆ ಫೋನು ಮಾಡಿ ಹೇಳಿದ್ದರು. ನಿಮಗೆ ಮುಟ್ಟಿರಬೇಕು. ಹೆರಿಗೆ ಇಲ್ಲಿಯ ಆಸ್ಪತ್ರೆಯಲ್ಲೇ ಆಯಿತು, ತೊಂದರೆ ಏನೂ ಆಗಲಿಲ್ಲ. ಮಗು ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ನಾನೂ ಚೆನ್ನಾಗಿದ್ದೇನೆ. ಕೇಳಿದವರಿಗೆಲ್ಲ ಹೀಗೇ ಹೇಳುತ್ತಿದ್ದೇನೆ, ಸುಳ್ಳೇನೂ ಅಲ್ಲ. ಅಮ್ಮ ಇದ್ದಿದ್ದರೆ ಬಾಣಂತನಕ್ಕೆ ತವರಿಗೆ ಹೋಗುತ್ತಿದ್ದೆ. ಈಗ ಅತ್ತೆ ಶಿವಗಂಗಮ್ಮನವರೇ ಎಲ್ಲ ಮಾಡುತ್ತಿದ್ದಾರೆ, ಏನೂ ಕಡಿಮೆ ಮಾಡಿಲ್ಲ.

ಬರೆಯಲು ಕಾರಣ ಹೆಸರು. ಮಗುವನ್ನು ನೋಡಿದ ಕೂಡಲೇ ಅತ್ತೆ, "ಅವ್ಳೇ ತಿರುಗಿ ಬಂದ್ಳು" ಎಂದರು. ಕಿವಿ ಹಾಗೇ ಇದೆಯಂತೆ, ಗಲ್ಲ ಹಾಗೇ ಇದೆಯಂತೆ. ನಾನು ನೋಡಿದೆ. ನನಗೆ ಹಾಗೆ ಕಾಣಲಿಲ್ಲ, ಬೇರೆ ಹಾಗೂ ಕಾಣಲಿಲ್ಲ. ಮೊದಲನೆಯವಳು ಹೋದ ವರ್ಷ ಜ್ವರದಲ್ಲಿ ಹೋದ ಮೇಲೆ ಈ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಿರಲಿಲ್ಲ. ಅಷ್ಟು ಚಿಕ್ಕವರಿಗೆ ತಿಥಿ ಇಲ್ಲ, ವರ್ಷಕ್ಕೊಮ್ಮೆ ಎಲೆ ಹಾಕುವುದೂ ಇಲ್ಲ, ಹಾಗಾಗಿ ಹೆಸರು ಹೇಳುವ ಸಂದರ್ಭವೇ ಬರಲಿಲ್ಲ. ಈಗ ಅದೇ ಹೆಸರನ್ನು ಇವಳಿಗೆ ಇಡಬೇಕೆಂದು ತೀರ್ಮಾನ ಮಾಡಿದ್ದಾರೆ. ಇವರಿಗೂ ಅದೇ ಆಸೆ. ನನ್ನನ್ನು ಕೇಳಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ದೊಡ್ಡಮ್ಮ, ನನಗೆ ಏನೂ ಅನ್ನಿಸುತ್ತಿಲ್ಲ. ತೋಟದಲ್ಲಿ ನಡೆಯುವಾಗ ಕಾಲಿಗೆ ಇಂಬಳ ಹತ್ತಿ ರಕ್ತ ಕುಡಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ. ದೊಡ್ಡಪ್ಪನಿಗೆ ನಮಸ್ಕಾರ ತಿಳಿಸಿ.

ಇಂತಿ,
ಸೌಂದರ್ಯ


ಸಂಸೆ
13-10-1998

ಸೌಂದರ್ಯಾ, ಆಶೀರ್ವಾದ ಮೊದಲು, ಬೈಗಳು ಆಮೇಲೆ.

ಹೋದ ಮಗುವಿನ ಹೆಸರನ್ನು ಬಂದ ಮಗುವಿಗೆ ಇಡುವುದು ಯಾವ ಸೀಮೆಯ ಬುದ್ಧಿ? ಹೋದವಳ ಅಂಗಿ ತೊಡಿಸಲಿ, ತೊಟ್ಟಿಲಲ್ಲಿ ಮಲಗಿಸಲಿ, ನಾನು ಬೇಡ ಅನ್ನುವುದಿಲ್ಲ. ಹೆಸರು ಬೇರೆ ವಿಷಯ. ಈ ಕೂಸು ದಿನಾ ಎದ್ದು ಇನ್ನೊಬ್ಬಳ ಪಾಲಿನ ಬದುಕು ಬದುಕಬೇಕೇನು? ಶಿವಗಂಗಮ್ಮನವರು ಹಿರಿಯರು, ಅವರ ದುಃಖ ನನಗೂ ಅರ್ಥವಾಗುತ್ತದೆ. ರಾಜೀವನೂ ಒಳ್ಳೆಯ ಹುಡುಗನೇ. ಆದರೆ ದುಃಖ ಬಂತೆಂದು ತಲೆ ಕೆಡಿಸಿಕೊಳ್ಳಬಾರದು.

ನಾನೊಂದು ಉಪಾಯ ಹೇಳುತ್ತೇನೆ. ಮಗು ಕಳೆದುಕೊಂಡವರು ಮುಂದಿನ ಮಗುವನ್ನು ತೌಡಿಗೆ ಮಾರುವುದು ನಮ್ಮ ಕಡೆ ಇದ್ದದ್ದೇ. ನಿನ್ನ ಸೋದರಮಾವ ಲಿಂಗಪ್ಪನನ್ನೂ ಹಾಗೇ ಮಾರಿದ್ದರು, ಈಗ ನೋಡು, ಯಾರು ಹೇಳಿದರೂ ಕೇಳದಷ್ಟು ಗಟ್ಟಿಯಾಗಿದ್ದಾನೆ. ಹೆತ್ತ ಮಕ್ಕಳೆಲ್ಲ ಉಳಿದಿರುವ ಹೆಂಗಸು ಒಂದು ಮೊರ ತೌಡು ಕೊಟ್ಟು ಮಗುವನ್ನು ಕೊಳ್ಳಬೇಕು. ತನಗೆ ತೋಚಿದ ಹೆಸರು ಇಡಬೇಕು. ಹೆತ್ತವಳು ಅದೇ ದಿನ ದೀಪ ಹಚ್ಚುವುದರೊಳಗೆ ಒಂದು ರವಿಕೆ ಕಣ ಕೊಟ್ಟು ಮಗುವನ್ನು ಬಿಡಿಸಿಕೊಳ್ಳಬೇಕು. ಬೇಡವೆಂದು ಮಾರಿದ ಮಗುವಿನ ಮೇಲೆ ಯಾವ ಕಣ್ಣೂ ಬೀಳುವುದಿಲ್ಲ. ಕೊಂಡವಳು ಇಟ್ಟ ಹೆಸರನ್ನು ಆಮೇಲೆ ಯಾರೂ ಬದಲಿಸುವ ಹಾಗಿಲ್ಲ, ಅಜ್ಜಿಯೂ ಸೇರಿ. ಕೊಳ್ಳುವವಳು ನಾನೇ. ನನ್ನ ಮಕ್ಕಳೆಲ್ಲ ಇದ್ದಾರೆ, ಬೇಕಾದ್ದಕ್ಕಿಂತ ಹೆಚ್ಚೇ ಸದ್ದು ಮಾಡಿಕೊಂಡಿದ್ದಾರೆ.

ಹೆಸರು ಚಿಕ್ಕದಿರಬೇಕು, ಹಳೆಯದಿರಬೇಕು, ಯಾರಿಗೂ ಹೊಟ್ಟೆಕಿಚ್ಚು ತರಿಸಬಾರದು. ತಿಪ್ಪಿ ಎಂದು ಇಡೋಣ ಅಂದುಕೊಂಡೆ. ನಿನ್ನ ದೊಡ್ಡಪ್ಪ, "ಎಸ್ಟೇಟ್ ರೈಟರ್ ಮಗಳಿಗೆ ತಿಪ್ಪಿ ಅಂತ ಇಟ್ರೆ ರಾಜೀವ ಮೂಡಿಗೆರೆ ಬಿಟ್ಟು ಓಡಿಹೋಗ್ತಾನೆ ಮಾರಾಯ್ತಿ, ಸ್ವಲ್ಪ ನೋಡಿ ಇಡು" ಎಂದರು. ಕಾಡಿ ಎಂದೆ, ಸೊಸೆಯಂದಿರು ಮುಖ ಸೊಟ್ಟ ಮಾಡಿದರು. ದುಗ್ಗಿ ಎನ್ನೋಣವೆಂದರೆ ಪಕ್ಕದ ಮನೆಯಲ್ಲಿ ಹಾಯುವ ಎಮ್ಮೆಗೆ ಅದೇ ಹೆಸರು. ಕೊನೆಗೆ ನಿಂಗಿಗೆ ಬಂದು ನಿಂತಿದ್ದೇನೆ. ನಾನು ಕಂಡ ನಿಂಗಿಯರೆಲ್ಲ ಹಲ್ಲು ಉದುರಿ, ಕೂದಲು ಬೆಳ್ಳಗಾಗಿ, ಮೊಮ್ಮಕ್ಕಳಿಗೆ ಬೈದುಕೊಂಡು ಬಾಳಿದವರು. ಯಮನ ಕಡೆಯವನು ಬಂದು ಹೆಸರು ಕೇಳಿದರೂ, ಇದು ಯಾವುದೋ ಮುದುಕಿ ಇರಬೇಕು, ಅವಸರವೇನಿಲ್ಲ ಎಂದುಕೊಂಡು ಹೋಗಲಿ.

ಏನೂ ಅನ್ನಿಸುತ್ತಿಲ್ಲ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ಸಂಕಟವಾಯಿತು. ಮಗುವನ್ನು ಕರೆದುಕೊಂಡು ಬಾ.

ಬೈದರೂ ನಿನ್ನವಳೇ ಆದ,
ದ್ಯಾವಮ್ಮ ದೊಡ್ಡಮ್ಮ


ಮೂಡಿಗೆರೆ
1-11-1998

ದೊಡ್ಡಮ್ಮ,

ಬರುತ್ತೇವೆ. ಇವರು ಒಪ್ಪಿರಲಿಲ್ಲ, ಇದೆಲ್ಲ ಹಳೇ ಕಾಲದ್ದು ಎಂದರು. ಅತ್ತೆ ಹೆದರಿ ಒಪ್ಪಿದರು. ಲಿಂಗಪ್ಪ ಮಾವನ ವಿಷಯ ಅವರಿಗೂ ಗೊತ್ತಿತ್ತು. ಸಾಹುಕಾರರು ಒಂದು ದಿನಕ್ಕೆ ಜೀಪು ಕೊಡುತ್ತಾರಂತೆ, ಸಂಜೆಯೊಳಗೆ ತಿರುಗಿ ತರಬೇಕು. ರವಿಕೆ ಕಣ ಅತ್ತೆಯೇ ತೆಗೆದಿಟ್ಟಿದ್ದಾರೆ.

ಇಂತಿ,
ಸೌಂದರ್ಯ


ಸಂಸೆ
20-11-1998

ಸೌಂದರ್ಯಾ,

ನೀವು ಹೊರಟ ಮೇಲೆ ದೀಪ ಹಚ್ಚಲು ಹೋದವಳಿಗೆ ಆಗ ಹೊಳೆಯಿತು. ನೀನು ಮಗುವನ್ನು ಬಿಡಿಸಿಕೊಳ್ಳಲೇ ಇಲ್ಲ.

ಕೂತು ಎಲ್ಲವನ್ನೂ ಮೊದಲಿನಿಂದ ನೆನಪು ಮಾಡಿಕೊಂಡೆ. ನೀನು ಮಗುವನ್ನು ಗೊಬ್ಬರದ ಗುಂಡಿಯ ಹತ್ತಿರ ಬಾಳೆ ಎಲೆಯ ಮೇಲೆ ಮಲಗಿಸಿದೆ. ನಾನು ದಾರಿಯಲ್ಲಿ ಹೋಗುವವಳ ಹಾಗೆ ಬಂದು, "ಯಾರ ಮಗು ಇದು?" ಎಂದೆ. ನೀನು, "ಯಾರದ್ದೋ, ನಂಗೆ ಬ್ಯಾಡ, ಬೇಕಾದ್ರೆ ತಗಂಡು ಹೋಗಿ" ಎಂದೆ. ಹಾಗೇ ಹೇಳಬೇಕಾದದ್ದು. ಆದರೆ ಆ ಮಾತು ಹೇಳುವಾಗ ಹೆತ್ತವರು ನಗುತ್ತಾರೆ, ಇಲ್ಲವೇ ಕಣ್ಣು ತುಂಬಿಕೊಳ್ಳುತ್ತಾರೆ. ನೀನು ಬಸ್ಸಿನಲ್ಲಿ ಟಿಕೆಟ್ ಕೇಳುವವಳ ಹಾಗೆ ಹೇಳಿದೆ. ಮೊರದ ತೌಡನ್ನು ನಿನ್ನ ಸೆರಗಿಗೆ ಸುರಿದು ಮಗುವನ್ನು ಎತ್ತಿಕೊಂಡೆ, ಕಿವಿಯಲ್ಲಿ ಮೂರು ಸಲ ನಿಂಗಿ ಎಂದೆ. ಅದು ಸೀನಿತು. ಎಲ್ಲರೂ ನಕ್ಕರು, ರಾಜೀವನೂ ನಕ್ಕ. ನೀನು ಸೆರಗಿನಿಂದ ತೌಡು ಕೊಡವುತ್ತಾ ಇದ್ದೆ.

ಆಮೇಲೆ ಊಟ. ಎಲೆ ಎತ್ತುವ ಮೊದಲೇ ಜೀಪಿನವನು ಹಾರನ್ ಹೊಡೆಯಲು ಶುರು ಮಾಡಿದ. ಹೊತ್ತಾಯಿತು ಎಂದು ರಾಜೀವ ನಿಂತಲ್ಲಿ ನಿಲ್ಲಲಿಲ್ಲ. ಆ ಗಡಿಬಿಡಿಯಲ್ಲಿ ಮಗುವನ್ನು ನಾನೇ ನಿನ್ನ ಮಡಿಲಿಗೆ ಹಾಕಿ ಕಳಿಸಿದೆ. ಇಷ್ಟು ಮಾಡಿಸಿ ಕೊನೆಯದ್ದನ್ನು ಮರೆತೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಆದರೆ ಕಣ ನಿನ್ನ ಚೀಲದ ಮೇಲ್ಗಡೆಯೇ ಇತ್ತು. ಹಸಿರು ಬಣ್ಣದ್ದು. ನೀನು ಅದನ್ನು ಪಕ್ಕಕ್ಕೆ ಸರಿಸಿ ಹಾಲಿನ ಬಾಟಲಿ ತೆಗೆದದ್ದನ್ನು ನಾನು ನೋಡಿದ್ದೇನೆ.

ದೊಡ್ಡಪ್ಪ, "ಮುಂದಿನ ಸಲ ಬಂದಾಗ ಕೊಡ್ತಾಳೆ ಬಿಡು" ಎನ್ನುತ್ತಾರೆ. ಮುಂದಿನ ಸಲದವರೆಗೆ ಮಗು ಯಾರದ್ದು? ನನ್ನದು. ಆದಷ್ಟು ಬೇಗ ಬಂದು ಬಿಡಿಸಿಕೋ.

ಇಂತಿ, ಈ ವಯಸ್ಸಿನಲ್ಲಿ ಕೈಗೂಸಿನ ತಾಯಿಯಾದ,
ದೊಡ್ಡಮ್ಮ


ಮೂಡಿಗೆರೆ
6-12-1998

ದೊಡ್ಡಮ್ಮ,

ನಿಮ್ಮ ಮಗು ಚೆನ್ನಾಗಿದೆ. ಕತ್ತು ನಿಲ್ಲುತ್ತಿದೆ. ಮೈಗೆ ಎಣ್ಣೆ ಹಚ್ಚಿದರೆ ಸುಮ್ಮನಿರುತ್ತದೆ.

ಅರೇಬಿಕಾ ಕಾಫಿಯ ಕೊಯ್ಲು ಜೋರಾಗಿದೆ, ಸದ್ಯಕ್ಕೆ ಸಂಸೆಗೆ ಬರಲು ಆಗುವುದಿಲ್ಲ. ಇವರು ಸಂಜೆ ಹಣ್ಣು ಅಳೆಸಿ, ಪಲ್ಪರ್ ಮಿಷನ್ನಿನಲ್ಲಿ ಸಿಪ್ಪೆ ಬಿಡಿಸಿ ಮುಗಿಯುವವರೆಗೆ ನಿಂತು, ಬಟ್ಟೆಯ ತುಂಬ ಹುಳಿ ವಾಸನೆ ಹೊತ್ತುಕೊಂಡು ಬರುತ್ತಾರೆ. ಹೋದ ವಾರ ಒಣಗಿಸಿದ ಪಾರ್ಚ್‌ಮೆಂಟ್ ಬೀಜದ ಲೋಡಿನ ಜೊತೆ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗಿದ್ದವರು ಮಗುವಿಗೆ ಒಂದು ಫ್ರಾಕು ತಂದರು. ಹಳದಿ ಬಣ್ಣ, ಚೆನ್ನಾಗಿದೆ. ಆದರೆ ಅದು ನಡೆಯುವ ಮಗುವಿನ ಅಳತೆಯದು. ಯಾರ ಅಳತೆ ಎಂದು ನನಗೂ ಗೊತ್ತಾಯಿತು, ಇವರಿಗೂ ಗೊತ್ತಾಯಿತು. ನಾನು ಮಡಚಿಟ್ಟೆ. ಊಟಕ್ಕೆ ಬಡಿಸಿದೆ.

ಅತ್ತೆ ನಿಂಗಿ ಎನ್ನುವುದಿಲ್ಲ. "ನಿಂಗಿ ಹೊರಗಿನವ್ರಿಗೆ, ಮನೆಯೊಳಗೆ ಅವ್ಳ ಹೆಸ್ರು ಅವ್ಳಿಗೆ" ಎಂದು ಆ ಹೆಸರಿನಲ್ಲೇ ಕರೆಯುತ್ತಾರೆ. ಇವರೂ ಹಾಗೇ ಕರೆಯಲು ಶುರು ಮಾಡಿದ್ದಾರೆ. ನಾನು ಏನೆಂದೂ ಕರೆಯುವುದಿಲ್ಲ. ಅಳುವುದು ಕೇಳಿದರೆ ಹೋಗಿ ಎತ್ತಿಕೊಳ್ಳುತ್ತೇನೆ. ಎತ್ತಿಕೊಳ್ಳಲು ಹೆಸರು ಬೇಕಾಗುವುದಿಲ್ಲ.

ಕಣ ಚೀಲದಲ್ಲಿತ್ತು, ನಿಜ.

ಇಂತಿ,
ಸೌಂದರ್ಯ


ಸಂಸೆ
2-1-1999

ಸೌಂದರ್ಯಾ,

ಕಾರ್ಡಿನಲ್ಲಿ ಜಾಗ ಕಡಿಮೆ, ಹಾಗಾಗಿ ಬೈಗಳು ಬಿಟ್ಟಿದ್ದೇನೆ. ನಮ್ಮ ಕೊಟ್ಟಿಗೆಯ ಹೊಸ ಕರುವಿಗೆ ದೊಡ್ಡಪ್ಪ ಗೌರಿ ಎಂದು ಹೆಸರಿಟ್ಟು ಮರೆತರು. ಹುಲ್ಲು ಹಾಕುವ ಚಿಕ್ಕ ಸೊಸೆ ಅದನ್ನು ಪುಟ್ಟಿ ಪುಟ್ಟಿ ಎಂದು ಕರೆದಳು. ಈಗ ದೊಡ್ಡಪ್ಪ ಗಂಟಲು ಹರಿದುಕೊಂಡು ಗೌರಿ ಎಂದರೂ ಅದು ಕಿವಿ ಅಲ್ಲಾಡಿಸುವುದಿಲ್ಲ. ಹೆಸರು ಇಟ್ಟವರದ್ದಲ್ಲ, ಕರೆದವರದ್ದು. ನಿನ್ನ ಮಗು, ತಪ್ಪಾಯಿತು, ನನ್ನ ಮಗು ಯಾವ ಹೆಸರಿಗೆ ತಿರುಗುತ್ತದೆ ಎನ್ನುವುದು ನಿನ್ನ ಬಾಯಲ್ಲಿದೆ. ನಾನು ಇಲ್ಲಿ ಕೂತು ಎಷ್ಟು ಕೂಗಿದರೂ ಮೂಡಿಗೆರೆಗೆ ಕೇಳಿಸುವುದಿಲ್ಲ. ನೀನು ಸುಮ್ಮನಿದ್ದರೆ ಶಿವಗಂಗಮ್ಮನವರು ಗೆದ್ದ ಹಾಗೆ. ಆಗ ಆ ಕೂಸಿಗೆ ತನ್ನದೆಂದು ಏನು ಉಳಿಯಿತು, ಹೇಳು.

ದೊಡ್ಡಮ್ಮ


ಮೂಡಿಗೆರೆ
28-6-1999

ದೊಡ್ಡಮ್ಮನಿಗೆ ನಮಸ್ಕಾರ.

ಬಹಳ ದಿನ ಬರೆಯಲಿಲ್ಲ. ನೀವು ಕಳಿಸಿದ ತುಪ್ಪ, ಬಾಳೆಕಾಯಿ ಹಿಟ್ಟು ಎರಡೂ ಮುಟ್ಟಿದವು. ನಿಮ್ಮ ಮಗು ಅಂಬೆಗಾಲಿಕ್ಕುತ್ತದೆ. ಹಿಡಿದುಕೊಂಡು ನಿಲ್ಲುತ್ತದೆ. ಅನ್ನಕ್ಕಿಂತ ಉಪ್ಪಿನಕಾಯಿಯ ಮೇಲೆ ಆಸೆ. ಯಾರು ಕೈ ಚಾಚಿದರೂ ಹೋಗುತ್ತದೆ, ಹೆದರುವುದಿಲ್ಲ.

ಆ ಹೆಸರಿಗೆ ತಿರುಗುತ್ತದೆ ದೊಡ್ಡಮ್ಮ. ನೀವು ಹೇಳಿದ ಹಾಗೇ ಆಯಿತು. ಹೋದ ತಿಂಗಳು ಮಗು ಜಗಲಿಯಲ್ಲಿ ಪಾತ್ರೆ ಉರುಳಿಸುತ್ತಾ ಕೂತಿತ್ತು. ಅತ್ತೆ ಒಳಗಿನಿಂದ ಆ ಹೆಸರು ಕರೆದರು. ಮಗು ಪಾತ್ರೆ ಬಿಟ್ಟು ಬಾಗಿಲ ಕಡೆ ತಿರುಗಿ ನಕ್ಕಿತು. ಅತ್ತೆ ಖುಷಿಯಿಂದ ಕಣ್ಣೊರೆಸಿಕೊಂಡರು. ನಾನು ಪಾತ್ರೆ ಎತ್ತಿಟ್ಟೆ.

ಮಳೆ ಹಿಡಿದ ವಾರದಲ್ಲಿ ಮಗುವಿಗೆ ಜ್ವರ ಬಂತು. ಮುಟ್ಟಿದರೆ ಕೈ ಸುಡುವ ಹಾಗೆ. ಇವರು ಕೊಡೆಯನ್ನೂ ಹಿಡಿಯದೆ ಜೀಪು ಕೇಳಲು ಬಂಗಲೆಗೆ ಓಡಿದರು. ಅತ್ತೆ ದೇವರ ಮುಂದೆ ಕೂತರು. ನಾನು ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು. ಇದು ದೊಡ್ಡಮ್ಮನ ಮಗು. ನಾನು ನೋಡಿಕೊಳ್ಳುವವಳು ಮಾತ್ರ. ಏನಾದರೂ ಆದರೆ ದೊಡ್ಡಮ್ಮನಿಗೆ ಹೇಗೆ ಸುದ್ದಿ ಹೇಳುವುದು ಎಂದು ಯೋಚಿಸಿದೆ, ಅಷ್ಟೇ. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಬೆಳಿಗ್ಗೆ ಜ್ವರ ಬಿಟ್ಟಿತು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನನಗೆ ಸಮಾಧಾನವೂ ಆಗಲಿಲ್ಲ.

ನೀವು ಕಣದ ವಿಷಯ ಮತ್ತೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವತ್ತು ಕೊಡಬೇಕೆಂದು ನೆನಪಿತ್ತು. ಕೊಟ್ಟರೆ ನನ್ನದಾಗುತ್ತದೆ. ನನ್ನದಾದರೆ ಹೋಗುವಾಗ ನನ್ನದೇ ಹೋಗುತ್ತದೆ. ನಿಮ್ಮದಾಗಿದ್ದರೆ ನಾನು ಅನ್ನ ತಿನ್ನಿಸಬಹುದು, ಸ್ನಾನ ಮಾಡಿಸಬಹುದು, ಜ್ವರ ಬಂದರೆ ಪಕ್ಕದಲ್ಲಿ ಕೂರಬಹುದು. ಅಷ್ಟು ನನ್ನಿಂದ ಆಗುತ್ತದೆ. ಅದಕ್ಕಿಂತ ಹೆಚ್ಚು ಆಗುವುದಿಲ್ಲ ದೊಡ್ಡಮ್ಮ.

ಇಂತಿ,
ಸೌಂದರ್ಯ


ಸಂಸೆ
10-7-1999

ಸೌಂದರ್ಯಾ, ನನ್ನ ತಂಗಿಯ ಮಗಳೇ,

ನಿನ್ನ ಪತ್ರವನ್ನು ದೊಡ್ಡಪ್ಪನಿಗೂ ಓದಿ ಹೇಳಲಿಲ್ಲ. ಸೊಸೆಯಂದಿರು ಏನು ಬರೆದಿದ್ದಾಳೆ ಎಂದು ಕೇಳಿದರು, ತುಪ್ಪ ಮುಟ್ಟಿತಂತೆ ಎಂದೆ.

ಬೈಯಲು ಮನಸ್ಸು ಬರಲಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಸವರಿ ಅಳಿಸುತ್ತಿದ್ದಳು. ನನಗೆ ಆ ಜಾಣತನ ಇಲ್ಲ. ನಾನು ಜೋರು ಬಾಯಿಯವಳು, ನನಗೆ ಗೊತ್ತಿರುವುದು ಒಂದೇ ದಾರಿ. ಅದನ್ನು ಹೇಳುತ್ತೇನೆ, ಕೇಳು.

ನನ್ನ ಮಗುವನ್ನು ನಾನು ಕರೆದುಕೊಂಡು ಹೋಗುತ್ತೇನೆ. ತಮಾಷೆಗೆ ಬರೆಯುತ್ತಿಲ್ಲ. ಅಲ್ಲಿ ಇಬ್ಬರು ಅದಕ್ಕೆ ಹೋದವಳ ಹೆಸರು ಅಂಟಿಸುತ್ತಿದ್ದಾರೆ, ಹೆತ್ತವಳು ಬಾಯಿಯನ್ನೇ ಬಿಡುವುದಿಲ್ಲ. ಅದು ಯಾರೆಂದು ಯಾರಿಗೂ ಬೇಕಾಗಿಲ್ಲ. ಇಲ್ಲಿಗೆ ಬಂದರೆ ಮನೆ ತುಂಬ ಜನ, ದಿನಕ್ಕೆ ನೂರು ಸಲ ನಿಂಗಿ ಎನ್ನುತ್ತಾರೆ, ಬೈದರೂ ಆ ಹೆಸರಿನಲ್ಲೇ ಬೈಯುತ್ತಾರೆ. ಚಿಕ್ಕ ಸೊಸೆಗೂ ಕೈಯಲ್ಲಿ ಕೂಸಿದೆ, ಎರಡು ಒಟ್ಟಿಗೆ ಬೆಳೆಯುತ್ತವೆ. ಮಳೆಗಾಲ ಕಳೆಯಲಿ, ಅದು ಹಾಲು ಬಿಟ್ಟು ಅನ್ನಕ್ಕೆ ನಿಲ್ಲಲಿ, ನಿಮ್ಮಲ್ಲಿ ಕೊಯ್ಲು ಮುಗಿಯಲಿ. ಶಿವರಾತ್ರಿಗೆ ಮೊದಲು ನಾನೂ ದೊಡ್ಡಪ್ಪನೂ ಬರುತ್ತೇವೆ.

ರಾಜೀವನಿಗೆ, ಶಿವಗಂಗಮ್ಮನವರಿಗೆ ನಾನೇ ಹೇಳುತ್ತೇನೆ. ಕೊಂಡವಳು ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ ಎಂಬುದು ಅವರಿಗೂ ಗೊತ್ತು. ನಿನಗೆ ಬೇಡ ಅನ್ನಿಸಿದರೆ ನೀನು ಬೇಡ ಎನ್ನು. ನೀನು ಹಾಗೆ ಅನ್ನಲಿ ಎಂಬುದೇ ನನ್ನ ಆಸೆ. ಅನ್ನದಿದ್ದರೆ ಕರೆದುಕೊಂಡು ಬರುವುದು ಖಂಡಿತ.

ನಿನ್ನ ದೊಡ್ಡಮ್ಮ,
ದ್ಯಾವಮ್ಮ


ಮೂಡಿಗೆರೆ
14-11-1999

ದೊಡ್ಡಮ್ಮ,

ಬನ್ನಿ. ನಾನು ಬೇಡ ಅನ್ನುವುದಿಲ್ಲ.

ಮಗು ನಡೆಯುತ್ತದೆ. ಇವರು ತಂದಿದ್ದ ಫ್ರಾಕು ಈಗ ಸರಿಯಾಗುತ್ತದೆ, ದೀಪಾವಳಿಗೆ ಅತ್ತೆ ತೊಡಿಸಿದರು. ಹಿಂದಿನಿಂದ ನೋಡಿ ಇವರು ಎದ್ದು ತೋಟದ ಕಡೆ ಹೋದರು. ನೀವು ಬರುವ ವಿಷಯ ಹೇಳಿದ್ದೇನೆ. ಅತ್ತೆ ಊಟ ಬಿಟ್ಟರು. ಇವರು, "ಇನ್ನೊಂದ್ಸಲ ಅವ್ಳನ್ನ ಕಳ್ಸಕ್ಕೆ ನನ್ ಕೈಲಾಗಲ್ಲ ಸೌಂದರ್ಯ" ಎಂದರು. ನಾನು, "ಅವ್ಳಲ್ಲ" ಎನ್ನಲು ಹೋದೆ. ಇವರ ಮುಖ ನೋಡಿ ಹೇಳಲಾಗಲಿಲ್ಲ.

ಬಟ್ಟೆಗಳನ್ನು ಒಗೆದು ಒಂದು ಗಂಟು ಕಟ್ಟಿಡುತ್ತೇನೆ. ಮಲಗುವಾಗ ಬಲಗಡೆ ತಿರುಗಿಸಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಕೋಳಿಗಳ ಹಿಂದೆ ಹೋಗುತ್ತದೆ, ಒಂದು ಕಣ್ಣಿಟ್ಟಿರಬೇಕು. ಹಾಲಿಗೆ ಸಕ್ಕರೆ ಬೇಡ, ಬೆಲ್ಲ ಹಾಕಿದರೆ ಕುಡಿಯುತ್ತದೆ. ತಲೆಗೆ ನೀರು ಹಾಕುವಾಗ ಹಾಡು ಹೇಳಬೇಕು, ಯಾವ ಹಾಡಾದರೂ ಆಗುತ್ತದೆ.

ಇಂತಿ,
ಸೌಂದರ್ಯ


ಸಂಸೆ
30-12-1999

ಸೌಂದರ್ಯಾ,

ಬಲಗಡೆ ತಿರುಗಿಸುವುದು, ಬೆಲ್ಲ, ಹಾಡು, ಎಲ್ಲ ಓದಿದೆ. ಇಷ್ಟೆಲ್ಲ ಗೊತ್ತಿರುವವಳು ನೋಡಿಕೊಳ್ಳುವವಳು ಮಾತ್ರ ಎಂದು ನನಗೆ ಹೇಳಬೇಡ. ಆದರೆ ಕೊಟ್ಟ ಮಾತು ಕೊಟ್ಟ ಹಾಗೆ. ಫೆಬ್ರವರಿ ಕೊನೆಯ ವಾರ ಬರುತ್ತೇವೆ. ನನಗೂ ಖುಷಿಯಿಲ್ಲ, ತಿಳಿದುಕೋ.

ದೊಡ್ಡಮ್ಮ


ಮೂಡಿಗೆರೆ
25-1-2000

ದೊಡ್ಡಮ್ಮ,

ನೀವು ಹೊರಡುವ ಮೊದಲು ಈ ಪತ್ರ ಮುಟ್ಟಲೇಬೇಕೆಂದು ಇವರ ಕೈಯಲ್ಲಿ ಪೇಟೆಗೆ ಕೊಟ್ಟು ಕಳಿಸುತ್ತಿದ್ದೇನೆ.

ಮೊನ್ನೆ ಭಾನುವಾರ ಎಸ್ಟೇಟ್ ಶಾಲೆಯಲ್ಲಿ ಪೋಲಿಯೋ ಹನಿ ಹಾಕಿದರು. ಮಗುವನ್ನು ಅತ್ತೆ ಎತ್ತಿಕೊಂಡಿದ್ದರು. ಇವರೂ ಬಂದಿದ್ದರು. ಹನಿ ಹಾಕಲು ಕೂತಿದ್ದವರು ಪಾಪಮ್ಮ ಸಿಸ್ಟರ್. ಮೂರು ವರ್ಷದ ಹಿಂದೆ ನಮ್ಮ ಕಡೆಗೆ ಅವರೇ ಬರುತ್ತಿದ್ದರು. ಆಮೇಲೆ ಕೊಪ್ಪದ ಕಡೆ ವರ್ಗವಾಗಿ ಹೋಗಿ ಈಗ ತಿರುಗಿ ಬಂದಿದ್ದಾರೆ. ನಡುವೆ ನಮ್ಮ ಮನೆಯಲ್ಲಿ ಆದದ್ದು ಅವರಿಗೆ ಗೊತ್ತಿಲ್ಲ.

"ಎಂತ ಹೆಸ್ರು ಪಾಪುಗೆ?" ಎಂದು ಕೇಳಿದರು. ಅತ್ತೆ ಆ ಹೆಸರನ್ನೇ ಹೇಳಿದರು.

ಪಾಪಮ್ಮ ನಕ್ಕರು. "ಅದು ದೊಡ್ಡೋಳ ಹೆಸ್ರಲ್ವಾ? ಹನಿ ಹಾಕಕ್ಕೆ ಹೋದ್ರೆ ನನ್ ಬೆರಳು ಕಚ್ಚಿದ್ಳಲ್ಲ, ಅವ್ಳು? ಎಲ್ಲಿ ಅವ್ಳು, ಕರ್ಕಂಡು ಬಂದಿಲ್ವಾ? ಇನ್ನೂ ಐದು ತುಂಬಿರಲ್ಲ, ಅವ್ಳಿಗೂ ಹಾಕ್ಬೇಕು."

ಅತ್ತೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದರು. ಇವರು ನೆಲ ನೋಡುತ್ತಾ ನಿಂತರು. ಪಾಪಮ್ಮ ಬಾಗಿಲ ಕಡೆ ನೋಡಿದರು, ಅವಳು ಅಲ್ಲೇ ಹೊರಗೆ ಆಡುತ್ತಿರಬಹುದು ಎನ್ನುವ ಹಾಗೆ. ನಾನೂ ನೋಡಿದೆ ದೊಡ್ಡಮ್ಮ. ಯಾರೂ ಇರಲಿಲ್ಲ. ಇಷ್ಟು ದಿನ ಆ ಹೆಸರು ಮನೆಯ ತುಂಬ ಓಡಾಡುತ್ತಿತ್ತು, ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದ್ದು ಪಾಪಮ್ಮ ಒಬ್ಬರೇ.

"ಅವ್ಳು ತೀರ್ಕಂಡ್ಳು ಸಿಸ್ಟರ್" ಎಂದೆ. "ಧನ್ಯಾ ತೀರ್ಕಂಡ್ಳು. ಇವ್ಳು ಅವ್ಳ ತಂಗಿ, ನಿಂಗಿ."

ಧನ್ಯಾ ಹೋದಳು ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡೆ, ಅವರು ಬಿಟ್ಟುಕೊಟ್ಟರು. ಪಾಪಮ್ಮ ಹನಿ ಹಾಕಿದರು. ಇವಳು ಕಚ್ಚಲಿಲ್ಲ. ಇವಳು ಕಚ್ಚುವವಳೇ ಅಲ್ಲ. ನಾಲಿಗೆ ಚಪ್ಪರಿಸಿ, ಇನ್ನೂ ಬೇಕೆಂದು ಬಾಯಿ ತೆರೆದು ನಿಂತಳು.

ಮನೆಗೆ ಬಂದು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ನಿಲ್ಲಿಸಲು ಆಗಲಿಲ್ಲ. ತುಂಬ ನೋವಾಯಿತು ದೊಡ್ಡಮ್ಮ, ಇದನ್ನು ಬರೆಯುವಾಗಲೂ ಆಗುತ್ತಿದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಇವರು ಬಾಗಿಲಲ್ಲಿ ನಿಂತಿದ್ದವರು ಅಲ್ಲೇ ಕೂತರು. ಮೂವರೂ ಧನ್ಯಾಳ ವಿಷಯ ಮಾತಾಡಿದೆವು. ಅವಳು ಇವರ ಬೂಟಿನೊಳಗೆ ಕಾಫಿ ಹಣ್ಣು ತುಂಬಿಡುತ್ತಿದ್ದದ್ದು, ಅತ್ತೆಯ ಕನ್ನಡಕ ಹಾಕಿಕೊಂಡು ಗೋಡೆಗೆ ಡಿಕ್ಕಿ ಹೊಡೆದದ್ದು. ನಗುವೂ ಬಂತು. ಒಲೆಯ ಮೇಲಿದ್ದ ಅನ್ನ ಸೀದುಹೋಯಿತು, ಯಾರೂ ಏಳಲಿಲ್ಲ. ಕೊನೆಗೆ ಇವರು, "ಧನ್ಯಾ ಅನ್ನೋ ಹೆಸ್ರು ಧನ್ಯಾಗೇ ಇರ್ಲಿ ಅಮ್ಮ" ಎಂದರು. ಅತ್ತೆ ತಲೆಯಾಡಿಸಿದರು. ಅವರಿಗೆ ನಿಂಗಿ ಎನ್ನಲು ಇನ್ನೂ ನಾಲಿಗೆ ಹೊರಳುವುದಿಲ್ಲ, ಸದ್ಯಕ್ಕೆ ಕೂಸೇ ಎಂದು ಕರೆಯುತ್ತಿದ್ದಾರೆ.

ಸಂಜೆ ನಾನು ನಿಂಗಿ ಎಂದು ಕರೆದೆ. ತಿರುಗಲಿಲ್ಲ. ಅವಳಿಗೆ ಗೊತ್ತಿಲ್ಲವಲ್ಲ, ತಪ್ಪು ಅವಳದ್ದಲ್ಲ. ನಿನ್ನೆ ಇಡೀ ದಿನ ಕರೆದೆ. ಬಟ್ಟೆ ಒಗೆಯುವಾಗ, ಅನ್ನ ಕಲಸುವಾಗ, ಸುಮ್ಮನೆ ಕೂತಾಗಲೂ ಕರೆದೆ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಕೋಳಿಯ ಹಿಂದೆ ಹೋಗುತ್ತಿದ್ದವಳು ಒಂದು ಸಲ ನಿಂತು ತಿರುಗಿದಳು. ಯಾರನ್ನು ಕರೆಯುತ್ತಿದ್ದಾಳೆ ಇವಳು ಎಂದು ನೋಡಿದ ಹಾಗಿತ್ತು. ನಾನು ಮತ್ತೆ ಕರೆದೆ. ಬಂದಳು.

ನೀವೂ ದೊಡ್ಡಪ್ಪನೂ ಬನ್ನಿ, ಬಂದು ನಾಲ್ಕು ದಿನ ಇದ್ದು ಹೋಗಿ. ಮಗುವನ್ನು ಮಾತ್ರ ಕೊಡುವುದಿಲ್ಲ. ನೀವು ಕೊಂಡದ್ದು ನಿಜ, ಕೇಳುವ ಹಕ್ಕು ನಿಮಗಿದೆ, ಬೈದರೂ ಬೈಸಿಕೊಳ್ಳುತ್ತೇನೆ, ಆದರೆ ಕೊಡುವುದಿಲ್ಲ. ಇನ್ನು ಇವಳಿಗೆ ಜ್ವರ ಬಂದರೆ ಅದು ನನ್ನ ಮಗುವಿಗೆ ಬಂದ ಜ್ವರ. ಅದನ್ನು ನೆನೆದರೆ ಈಗಲೇ ಹೆದರಿಕೆಯಾಗುತ್ತದೆ. ಆದರೂ ಕೊಡುವುದಿಲ್ಲ ದೊಡ್ಡಮ್ಮ.

ಇಂತಿ,
ಧನ್ಯಾಳ ಅಮ್ಮ, ನಿಂಗಿಯ ಅಮ್ಮ,
ಸೌಂದರ್ಯ